ಎಡಿತಮ್ಮನ ಸೈಕಲ್ಲಿನಿಂದ ಇಳಿಯುವ ಕ್ರಮ

ಕೊಟ್ಟೂರು

ನಾನು ಇಂಗ್ಲೆಂಡಿಗೆ ಹೋಗಿ ಬಂದು ಎರಡು ವರ್ಷವಾಯಿತು. ಹಗರಿಬೊಮ್ಮನಹಳ್ಳಿಯಲ್ಲಿರುವ ನನ್ನ ನಾದಿನಿ ಈಗಲೂ ಕಂಡಕಂಡವರ ಮುಂದೆ, “ನಮ್ಮ ಕೊಟ್ರಮ್ಮ ಆ ದೇಶದಾಗ ಬಚ್ಚಲದಾಗ ಜಾರಿ ಬಿದ್ದು ಕೈ ಮುರ್ಕಂಡು ಬಂದಾಳ” ಎಂದು ಹೇಳಿಕೊಂಡು ತಿರುಗುತ್ತಿದ್ದಾಳೆ. ನಾನು ಬಚ್ಚಲಲ್ಲಿ ಬಿದ್ದಿಲ್ಲ, ಸೈಕಲ್ಲಿನಿಂದ ಬಿದ್ದೆ. ಅದೂ ಸೈಕಲ್ ತುಳಿಯಲು ಬಾರದೆ ಬಿದ್ದದ್ದಲ್ಲ, ಇಳಿಯುವಾಗ ಬಿದ್ದದ್ದು. ಈ ವ್ಯತ್ಯಾಸ ನಾದಿನಿಗೆ ಸಣ್ಣದಾಗಿ ಕಾಣಬಹುದು. ನನಗೆ ಸಣ್ಣದಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ. ಲಂಡನ್ನಿನ ಸೇತುವೆ, ರಾಣಿಯ ಅರಮನೆ ಇವುಗಳ ವರ್ಣನೆಯನ್ನು ಬಯಸುವವರು ಬೇರೆ ಯಾರನ್ನಾದರೂ ಕೇಳಬೇಕು. ನಾನು ಅವನ್ನು ನೋಡಿಲ್ಲ.

ಇಪ್ಪತ್ತೆಂಟು ವರ್ಷ ನಾನು ಹಳ್ಳಿಗಳ ದಾದಿಯಾಗಿ ಸರ್ಕಾರದ ಕೆಲಸ ಮಾಡಿದೆ. ಮೊದಲು ಚಿಗಟೇರಿಯ ಸುತ್ತಿನ ಹಳ್ಳಿಗಳು, ಆಮೇಲೆ ಕೂಡ್ಲಿಗಿಯ ಕಡೆ, ಕೊನೆಗೆ ಹೂವಿನಹಡಗಲಿ. ಅಷ್ಟೂ ವರ್ಷ ನನ್ನ ವಾಹನ ಒಂದು ಲೇಡೀಸ್ ಸೈಕಲ್ಲು. ಅದನ್ನು ಕೊಳ್ಳುವ ಮೊದಲು ಹರಪನಹಳ್ಳಿಯಲ್ಲಿ ಬಾಡಿಗೆ ಸೈಕಲ್ ಕೇಳಲು ಹೋದಾಗ ಅಂಗಡಿಯವನು ನನ್ನ ಮುಖವನ್ನೂ ನೋಡದೆ, “ಹೆಣ್ಮಕ್ಕಳಿಗೆ ಕೊಡಂಗಿಲ್ರಿ, ಮುರ್ಕಂಡು ಬರ್ತಾರ” ಎಂದಿದ್ದ. ಮುರಿಯುವುದು ಸೈಕಲ್ಲೋ ಕೈಕಾಲೋ ಎಂಬುದನ್ನು ಅವನು ಸ್ಪಷ್ಟಪಡಿಸಲಿಲ್ಲ. ನಾನು ಎರಡನ್ನೂ ಮುರಿಯದೆ ನಿವೃತ್ತಳಾದೆ.

ನನಗೆ ಒಬ್ಬಳೇ ಮಗಳು, ಶೈಲಾ. ಅವಳೂ ನರ್ಸು. ಅವಳ ಗಂಡ ಬಸವರಾಜ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು. ಇಬ್ಬರಿಗೂ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿ ಹೋಗಿದ್ದರು. ಎರಡು ಸಾವಿರದ ಮೂರರಲ್ಲಿ ಶೈಲಾಳಿಗೆ ದಿನ ತುಂಬುತ್ತಾ ಬಂದಾಗ ಬಾಣಂತನಕ್ಕೆಂದು ನನ್ನನ್ನು ಕರೆಸಿಕೊಂಡರು. ಊರವರ ಕೂಸುಗಳಿಗೆಲ್ಲ ನೀರೆರೆದ ಕೈಗಳು ಮಗಳ ಕೂಸಿಗೂ ಎರೆಯಬೇಕು. ನಾನು ಅಷ್ಟು ದೂರ ಹೋದದ್ದು ಅದೊಂದೇ ಕೆಲಸಕ್ಕೆ. ಓದುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ನಾನೇ ಅದನ್ನು ಕೆಲವು ದಿನ ಮರೆತೆ.

ವಿಮಾನ ಇಳಿದ ಮೇಲೆ

ವಿಮಾನದಲ್ಲಿ ಪಕ್ಕದಲ್ಲಿ ಕುಳಿತ ದಾವಣಗೆರೆಯ ಯುವಕನೊಬ್ಬ, “ಅಮ್ಮಾರೆ, ನಿಮಗೆ ಗೊತ್ತಾಗಲ್ಲ ಬಿಡ್ರಿ” ಎಂದು ನನ್ನನ್ನು ಕೇಳದೆಯೇ ನನ್ನ ಬೆಲ್ಟು ಬಿಗಿದ. ಅಷ್ಟು ಬಿಗಿಯಾಗಿ ನಾನು ಯಾವ ಬಾಣಂತಿಯ ಹೊಟ್ಟೆಯನ್ನೂ ಕಟ್ಟಿದವಳಲ್ಲ. ಇಳಿದ ಮೇಲೆ ಸುಂಕದ ಅಧಿಕಾರಿಯೊಬ್ಬರು ಕೈಗವಸು ಹಾಕಿಕೊಂಡು ನನ್ನ ಚೀಲದಿಂದ ಬಜೆ, ಅಳವಿ, ಅಂಟಿನುಂಡೆಗಳನ್ನು ಒಂದೊಂದಾಗಿ ಹೊರತೆಗೆದು ಮೂಸಿದರು. ನಾನು ಇಂಗ್ಲಿಷಿನಲ್ಲಿ ಉತ್ತರ ಹೇಳಿದಷ್ಟೂ ಅವರು ದನಿ ಏರಿಸಿ ಮಾತಾಡಿದರು. ನಾನು ಕಿವುಡಿಯಲ್ಲ ಎಂದು ಎರಡು ಸಲ ತಿಳಿಸಿದೆ. ಮೂರನೆಯ ಸಲ ಅವರು ಇನ್ನೂ ಜೋರಾಗಿ, ಹಾಗಾದರೆ ಸಂತೋಷ ಎಂದರು. ಉಂಡೆಗಳನ್ನು ಬಿಟ್ಟರು. ಬಜೆಯನ್ನು ಇಟ್ಟುಕೊಂಡರು. ಅದನ್ನು ತೇದು ನೆಕ್ಕಿಸಲು ಅವರ ಮನೆಯಲ್ಲಿ ಕೂಸಿತ್ತೋ ಇಲ್ಲವೋ ತಿಳಿಯದು.

ಮಗಳ ಮನೆ ಇದ್ದದ್ದು ಕೇಂಬ್ರಿಜ್ ನಗರದ ಆಚೆಗಿನ ಒಂದು ಸಣ್ಣ ಊರಿನಲ್ಲಿ. ನೆಲ ನಮ್ಮ ಎರೆಹೊಲಗಳಂತೆಯೇ ಕಪ್ಪು, ಕಣ್ಣು ಹಾಯುವವರೆಗೂ ಸಪಾಟು. ಆದರೆ ನಮ್ಮ ಎರೆ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಆ ಎರೆ ಬಾಯಿ ಬಿಡುವುದನ್ನೇ ಅರಿಯದು. ಯಾವಾಗಲೂ ಒದ್ದೆ. ಜನ ದಾರಿಯಲ್ಲಿ ಎದುರಾದರೆ ಮೊದಲು ಹವೆಯ ಬಗ್ಗೆ ಒಂದು ದೂರು ಹೇಳುತ್ತಾರೆ, ಆಮೇಲೆ ತಮ್ಮ ನಾಯಿಯ ಹೆಸರು ಹೇಳುತ್ತಾರೆ. ತಮ್ಮ ಹೆಸರನ್ನು ಹೇಳುವುದಿಲ್ಲ. ಒಂದು ವಾರದಲ್ಲಿ ನನಗೆ ಒಂಬತ್ತು ನಾಯಿಗಳ ಹೆಸರು ತಿಳಿದಿತ್ತು, ಮನುಷ್ಯರದ್ದು ಒಂದೂ ಇಲ್ಲ.

ಹೆರಿಗೆಗೆ ಇನ್ನೂ ಐದು ವಾರ ಇತ್ತು. ಶೈಲಾ ಮಧ್ಯಾಹ್ನ ಮಲಗುತ್ತಿದ್ದಳು. ಕೆಲಸವನ್ನೆಲ್ಲ ಯಂತ್ರಗಳು ಮಾಡುತ್ತಿದ್ದವು. ಕುಳಿತು ಉಣ್ಣುವುದನ್ನು ನಾನು ಯಾವ ವಯಸ್ಸಿನಲ್ಲೂ ಕಲಿತವಳಲ್ಲ.

ಎಡಿತಮ್ಮನ ಶೆಡ್ಡು

ಬೇಲಿಯ ಆಚೆ ಮನೆಯಲ್ಲಿ ಎಡಿತ್ ಎಂಬ ಹೆಂಗಸು ಒಬ್ಬರೇ ಇದ್ದರು. ವಯಸ್ಸು ಎಪ್ಪತ್ತನಾಲ್ಕು. ನನಗಿಂತ ಹದಿಮೂರು ವರ್ಷ ಹಿರಿಯರಾದ್ದರಿಂದ ನಾನು ಅವರನ್ನು ಎಡಿತಮ್ಮ ಎಂದೆ. ಅವರು ನನ್ನನ್ನು ಯಾವ ಗೌರವವೂ ಇಲ್ಲದೆ “ಕೋಟ್ರಾ” ಎಂದರು. ಅಲ್ಲಿ ಮಂತ್ರಿಯನ್ನೂ ಹಾಗೆಯೇ ಹೆಸರು ಹಿಡಿದು ಕರೆಯುತ್ತಾರೆ ಎಂದು ಮಗಳು ಸಮಾಧಾನ ಹೇಳಿದಳು. ನಾನು ಅದನ್ನು ಮರೆಯಲಿಲ್ಲ.

ಅವರ ಶೆಡ್ಡಿನ ಗೋಡೆಗೆ ಎರಡು ಸೈಕಲ್ಲುಗಳು ನೇತುಬಿದ್ದಿದ್ದವು. ಒಂದರ ನಡುಕಂಬಿ ನಮ್ಮ ಲೇಡೀಸ್ ಸೈಕಲ್ಲಿನಂತೆ ಇಳಿಜಾರಾಗಿತ್ತು. ನನ್ನ ಇಂಗ್ಲಿಷು ರಿಜಿಸ್ಟರು ಬರೆದು ಕಲಿತ ಇಂಗ್ಲಿಷು, ಆದರೂ ಸಾಕಾಯಿತು. “ನಾನು ಇಪ್ಪತ್ತೆಂಟು ವರ್ಷ ಸೈಕಲ್ ತುಳಿದಿದ್ದೇನೆ. ಇದನ್ನು ಒಂದು ಗಂಟೆ ಕೊಡಿ” ಎಂದೆ.

ಎಡಿತಮ್ಮ ನನ್ನ ಸೀರೆಯನ್ನು ಮೇಲಿನಿಂದ ಕೆಳಗೆ ನೋಡಿ, “ಇದು ನಿನಗಲ್ಲ” ಎಂದರು.

ಹರಪನಹಳ್ಳಿಯ ಅಂಗಡಿಯವನು ಹೇಳಿದ ಮಾತನ್ನೇ ಐದು ಸಾವಿರ ಮೈಲಿ ದೂರ ಬಂದು ಮತ್ತೆ ಕೇಳಿದ ಹಾಗಾಯಿತು. ನಾನು ತಿರುಗಿ ಹೊರಡುವುದರಲ್ಲಿದ್ದೆ. ಅವರು ನನ್ನ ತೋಳು ಹಿಡಿದು ನಿಲ್ಲಿಸಿ, ಸೈಕಲ್ಲನ್ನು ಗೋಡೆಯಿಂದ ಇಳಿಸಿ, ಹಿಂದಿನ ಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಿದರು. ಗಾಲಿಯ ಜೊತೆ ಪೆಡಲುಗಳೂ ತಿರುಗಿದವು. ಗಾಲಿಯನ್ನು ಹಿಂದಕ್ಕೆ ತಿರುಗಿಸಿದರೆ ಪೆಡಲೂ ಹಿಂದಕ್ಕೆ. ನಮ್ಮ ಸೈಕಲ್ಲುಗಳಿಗೆ ಫ್ರೀವೀಲ್ ಇರುತ್ತದೆ. ಕಾಲು ನಿಲ್ಲಿಸಿದರೂ ಗಾಲಿ ತನ್ನಷ್ಟಕ್ಕೆ ಕಟಕಟ ಎಂದು ಓಡುತ್ತದೆ. ಇದಕ್ಕೆ ಅದು ಇಲ್ಲ. ಫಿಕ್ಸೆಡ್ ಗೇರು ಎಂದು ಹೆಸರು. ಗಾಲಿ ಉರುಳುವಷ್ಟು ಹೊತ್ತೂ ಕಾಲು ತಿರುಗುತ್ತಲೇ ಇರಬೇಕು.

ಆಮೇಲೆ ಅವರು ಒಂದು ಹಳೆಯ ಬಟ್ಟೆಯ ತುಂಡನ್ನು ತಂದು, ತುದಿಯನ್ನು ಚೈನಿಗೆ ತಾಗಿಸಿ, ಗಾಲಿ ತಿರುಗಿಸಿದರು. ಬಟ್ಟೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಳಗೆ ಹೋಗಿ ಹಲ್ಲುಗಳ ನಡುವೆ ಸಿಕ್ಕಿಕೊಂಡಿತು. “ನಿನ್ನ ಸೈಕಲ್ಲಿನಲ್ಲಾದರೆ ಕಾಲು ನಿಲ್ಲಿಸಿದರೆ ಚೈನೂ ನಿಲ್ಲುತ್ತದೆ. ಇದು ನಿಲ್ಲುವುದಿಲ್ಲ. ಸೀರೆಯಾದರೂ ಅಷ್ಟೆ, ಬೆರಳಾದರೂ ಅಷ್ಟೆ. ಎಣ್ಣೆ ಹಾಕುವಾಗಲೂ ತಿರುಗುವ ಚೈನಿನ ಹತ್ತಿರ ಕೈ ಒಯ್ಯಬೇಡ” ಎಂದರು. ನಿನಗಲ್ಲ ಎಂದದ್ದು ನನ್ನ ಸೀರೆಗೆ, ನನಗಲ್ಲ ಎಂದು ಆಗ ತಿಳಿಯಿತು. ಹಾಗಿದ್ದರೆ ಹಾಗೆಂದು ಮೊದಲೇ ಹೇಳಬಹುದಿತ್ತು.

ಮಾತು ಮುಂದುವರಿದು, ಅವರೂ ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ ಹೆರಿಗೆ ಮಾಡಿಸುತ್ತಿದ್ದ ದಾದಿ ಎಂಬುದು ಹೊರಬಿತ್ತು. ಆಮೇಲೆ ಎಡಿತಮ್ಮ, “ನಾಳೆ ಪ್ಯಾಂಟು ಹಾಕಿಕೊಂಡು ಬಾ” ಎಂದರು.

ಸಂಜೆ ಶೈಲಾಳ ಹಳೆಯ ಪ್ಯಾಂಟು ಕೇಳಿದಾಗ ಮನೆಯಲ್ಲಿ ಗದ್ದಲವಾಯಿತು.

“ಅವ್ವಾ, ನೀ ಇಲ್ಲಿಗೆ ಬಂದಿದ್ದು ಸೈಕಲ್ ಕಲಿಯಾಕೇನು? ಬಿದ್ದು ಕೈ ಮುರ್ಕಂಡ್ರ ಕೂಸಿಗೆ ನೀರು ಹಾಕೋರು ಯಾರು? ನನಗ ಯಾರದಾರ ಇಲ್ಲಿ?”

“ಇಪ್ಪತ್ತೆಂಟು ವರ್ಷದಾಗ ಒಮ್ಮೆನೂ ಬಿದ್ದಿಲ್ಲ ನಾನು.”

“ಆವಾಗ ನಿನಗ ಅರವತ್ತೊಂದು ಆಗಿದ್ದಿಲ್ಲ.”

ಬಸವರಾಜ ತಾಟಿನಿಂದ ತಲೆ ಎತ್ತದೆ, “ಅತ್ತಿಯವರು ಬೀಳಂಗಿಲ್ಲ ಬಿಡು. ಬಿದ್ರೂ ಪೆಟ್ಟಾಗೋದು ನೆಲಕ್ಕ” ಎಂದರು. ಅಳಿಯ ಎಂದು ಕ್ಷಮಿಸಿದೆ. ಮಗಳು ಪ್ಯಾಂಟು ಕೊಟ್ಟಳು, ಆದರೆ ಕೈಗೆ ಕೊಡಲಿಲ್ಲ. ಕುರ್ಚಿಯ ಮೇಲೆ ಇಟ್ಟು ಹೋದಳು.

ಹಳೆಯ ಓಡುದಾರಿ

ಊರಾಚೆ ಯುದ್ಧದ ಕಾಲದ ಒಂದು ವಿಮಾನ ಓಡುದಾರಿ ಹಾಳುಬಿದ್ದಿತ್ತು. ಕಾಂಕ್ರೀಟಿನ ಬಿರುಕುಗಳಲ್ಲಿ ಹುಲ್ಲು, ಮೇಲೆ ಹಾಡುವ ಹಕ್ಕಿಗಳು, ಅಲ್ಲಲ್ಲಿ ಮೊಲ. ವಾಹನವಿಲ್ಲ, ಇಳಿಜಾರಿಲ್ಲ, ತಿರುವಿಲ್ಲ. ಹೊಸದಾಗಿ ಕಲಿಯುವವರು ಇಂಥ ಕಡೆಯೇ ಕಲಿಯಬೇಕು, ರಸ್ತೆಯಲ್ಲಲ್ಲ ಎಂದು ಎಡಿತಮ್ಮ ಮೊದಲೇ ಕರಾರು ಹಾಕಿದರು. ಸೀಟನ್ನು ಒಂದು ಬೆರಳಿನಷ್ಟು ಇಳಿಸಿದರು. ಮುಂದಿನ ಬ್ರೇಕನ್ನು ತಾವೇ ಒತ್ತಿ ನೋಡಿ, “ಬ್ರೇಕಿಲ್ಲದೆ ಓಡಿಸುವ ಹುಡುಗರಿದ್ದಾರೆ. ನಾವು ಹುಡುಗರಲ್ಲ” ಎಂದರು.

ಮೊದಲ ದಿನ ನನ್ನ ಕಾಲಿಗೆ ಅವಮಾನವಾಯಿತು. ಕೊಟ್ಟೂರಿನಿಂದ ಕೂಡ್ಲಿಗಿಯ ದಾರಿಯಲ್ಲಿ ನಾನು ಕಲಿತ ಲಯವೇ ಬೇರೆ: ಎಂಟು ಸಲ ತುಳಿ, ಒಂದು ಉಸಿರಿನಷ್ಟು ಕಾಲು ನಿಲ್ಲಿಸು, ಮತ್ತೆ ಎಂಟು. ಇಲ್ಲಿಯೂ ಎಂಟಾದ ಮೇಲೆ ಕಾಲು ತಾನಾಗಿ ನಿಂತಿತು. ಪೆಡಲು ನಿಲ್ಲಲಿಲ್ಲ. ಕೆಳಗಿನಿಂದ ಬಂದು ಅಂಗಾಲನ್ನು ಮೇಲೆ ನೂಕಿ, ನನ್ನನ್ನು ಸೀಟಿನಿಂದ ಒಂದು ಗೇಣು ಎತ್ತಿ ಕೂರಿಸಿತು. ಅರ್ಧ ಗಂಟೆಯಲ್ಲಿ ಹನ್ನೊಂದು ಸಲ ಹೀಗಾಯಿತು. ಎಡಿತಮ್ಮ ಪಕ್ಕದಲ್ಲಿ ತಮ್ಮ ಸೈಕಲ್ಲನ್ನು ಸಣ್ಣ ದನಿಯ ಗಡಿಯಾರದಂತೆ ತುಳಿಯುತ್ತಾ, “ಅದರ ಜೊತೆ ಜಗಳ ಬೇಡ. ಅದು ಗೆಲ್ಲುತ್ತದೆ” ಎಂದರು.

ಮುಂದಿನ ದಿನಗಳಲ್ಲಿ ಕಲಿತದ್ದನ್ನು ಹೀಗೆ ಬರೆಯಬಹುದು. ಹೊರಡುವ ಮುನ್ನ ಹಿಂದಿನ ಗಾಲಿಯನ್ನು ಸ್ವಲ್ಪ ಎತ್ತಿ ಪೆಡಲನ್ನು ತುಳಿಯಲು ಅನುಕೂಲವಾದ ಎತ್ತರಕ್ಕೆ ತಂದುಕೊಳ್ಳಬೇಕು. ಹಿಂದಕ್ಕೆ ಸುಮ್ಮನೆ ತಿರುಗಿಸುವ ಹಾಗಿಲ್ಲ. ಕಾಲು ಪೆಡಲಿನಿಂದ ತಪ್ಪಿದರೆ ಅದನ್ನು ಹುಡುಕಲು ಹೋಗಬಾರದು. ಎರಡೂ ಕಾಲು ಅಗಲಿಸಿ, ಬ್ರೇಕನ್ನು ಮೆಲ್ಲಗೆ ಹಿಡಿಯಬೇಕು. ತಿರುಗುವಾಗ ನಾವು ಒಳಗಿನ ಪೆಡಲನ್ನು ಮೇಲೆತ್ತಿ ಹಿಡಿಯುತ್ತೇವೆ. ಇಲ್ಲಿ ಅದು ಆಗದು, ವಾಲಿದರೆ ಪೆಡಲು ನೆಲಕ್ಕೆ ತಾಗುತ್ತದೆ. ಆದ್ದರಿಂದ ತಿರುವಿಗೆ ಮೊದಲೇ ವೇಗ ಇಳಿಸಿ, ನೆಟ್ಟಗೆ ಕುಳಿತು, ದೊಡ್ಡದಾಗಿ ತಿರುಗಬೇಕು.

ಬ್ರೇಕಿನ ಸಹಾಯವಿಲ್ಲದೆ ಕಾಲಿನಿಂದಲೇ ವೇಗ ತಗ್ಗಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಮೇಲೆ ಬರುವ ಪೆಡಲನ್ನು ಒಮ್ಮೆಲೇ ಒತ್ತಿದರೆ ಅದು ಒದೆಯುತ್ತದೆ. ಬಹಳ ಮುಂಚೆಯೇ ಶುರುಮಾಡಿ, ಸ್ವಲ್ಪಸ್ವಲ್ಪವಾಗಿ ತಡೆಯಬೇಕು. ಇದನ್ನು ವಿವರಿಸಲು ಎಡಿತಮ್ಮನಿಗೆ ಮಾತು ಸಿಗಲಿಲ್ಲ. ಐದನೆಯ ದಿನ ನನ್ನ ಕಾಲಿಗೆ ಅದು ಹೊಳೆದಾಗ ನಾನು ಅರಿವಿಲ್ಲದೆ ಕನ್ನಡದಲ್ಲಿ, “ತಿಣುಕಬ್ಯಾಡ ಯವ್ವಾ, ಸಾವಕಾಶ, ಸಾವಕಾಶ” ಎಂದುಬಿಟ್ಟೆ. ಕೂಸಿನ ತಲೆ ಕಾಣುವ ಹೊತ್ತಿಗೆ ಹೆಣ್ಣುಮಕ್ಕಳಿಗೆ ಹೇಳುವ ಮಾತು. ಏನೆಂದೆ ಎಂದು ಎಡಿತಮ್ಮ ಕೇಳಿದರು. ಅರ್ಥ ಹೇಳಿದೆ. ಅವರು ಸೈಕಲ್ ನಿಲ್ಲಿಸಿ, ಕಾಲು ಊರಿ, ಹ್ಯಾಂಡಲಿನ ಮೇಲೆ ತಲೆಯಿಟ್ಟು ನಕ್ಕರು. “ಹೌದು, ಅದೇ. ಅದೇ. ಅಷ್ಟು ವರ್ಷ ನಾನೂ ಅದನ್ನೇ ಹೇಳಿದೆ” ಎಂದರು. ಮಾರನೆಯ ದಿನ ನಾನು ಒಂದು ಮೊಲಕ್ಕೆ ಬೆಲ್ಲು ಹೊಡೆದಾಗಲೂ ನಕ್ಕರು. ಆ ಎರಡನೆಯ ನಗುವನ್ನು ನಾನು ಒಪ್ಪುವುದಿಲ್ಲ. ಬೆಲ್ಲು ಇರುವುದು ಹೊಡೆಯುವುದಕ್ಕೆ.

ಇಳಿಯುವ ಕ್ರಮವನ್ನು ಅವರು ಮೊದಲ ದಿನವೇ ಹೇಳಿದ್ದರು. ಗಾಲಿ ಪೂರ್ತಿ ನಿಲ್ಲಬೇಕು. ಬ್ರೇಕು ಹಿಡಿದೇ ಇರಬೇಕು. ಒಂದು ಕಾಲು ನೆಲಕ್ಕೆ ಊರಬೇಕು. ಆಮೇಲೆ ಇನ್ನೊಂದು. ಓಡುವ ಸೈಕಲ್ಲಿನಿಂದ ಇಳಿಯಬಾರದು. ಓಡುದಾರಿಯ ತುದಿಯಲ್ಲಿ ನಾನು ಪ್ರತಿ ಸಲವೂ ಹಾಗೆಯೇ ಇಳಿದೆ, ಒಂದು ಸಲವೂ ತಪ್ಪಲಿಲ್ಲ. ಹದಿನೆಂಟನೆಯ ದಿನ ಎಡಿತಮ್ಮ, “ಇನ್ನು ನದಿಯ ದಂಡೆಗೆ ಹೋಗಬಹುದು” ಎಂದರು. ತಪ್ಪು ಇಬ್ಬರದೂ ಅಲ್ಲ. ಆ ಓಡುದಾರಿಯಲ್ಲಿ ಮೊಲಗಳಿದ್ದವು, ಹಕ್ಕಿಗಳಿದ್ದವು. ಕುಳಿತ ಗಂಡಸರು ಇರಲಿಲ್ಲ.

ನದಿಯ ದಂಡೆ

ಬೆಳಗಿನ ಹತ್ತು ಗಂಟೆ. ಬಿಸಿಲಿತ್ತು. ಎಡಿತಮ್ಮ ಮುಂದೆ, ನಾನು ನಾಲ್ಕು ಸೈಕಲ್ಲಿನಷ್ಟು ಹಿಂದೆ. ದಂಡೆಯ ಮೇಲೆ ಒಂದು ಮರದ ಬೆಂಚು, ಅದರ ಮೇಲೆ ಟೋಪಿ ಹಾಕಿದ ಮೂವರು ಮುದುಕರು ಸಾಲಾಗಿ ಕುಳಿತು ನೀರು ನೋಡುತ್ತಿದ್ದರು. ಒಬ್ಬರು ತಲೆ ತಿರುಗಿಸಿ ನನ್ನನ್ನು ನೋಡಿದರು.

ನಾನು ಇಳಿಯಬೇಕೆಂದು ಯೋಚಿಸಲಿಲ್ಲ. ನನ್ನ ಮೈ ಇಳಿಯಿತು. ಬಲಗಾಲು ಸೀಟಿನ ಮುಂದಿನಿಂದ ಈಚೆ ಬಂತು, ಎಡಗಾಲು ಕೆಳಗಿನ ಪೆಡಲಿನ ಮೇಲೆ ನಿಂತಿತು. ಎರಡು ಮಾರು ಹಾಗೆಯೇ ತೇಲಿ ನೆಲಕ್ಕೆ ಹಾರುವುದು ನಮ್ಮ ಕಡೆಯ ರೂಢಿ. ಆದರೆ ಈ ಪೆಡಲು ತೇಲಗೊಡಲಿಲ್ಲ. ನನ್ನ ಇಡೀ ಭಾರವನ್ನು ಹೊತ್ತುಕೊಂಡೇ ಮೇಲಕ್ಕೆ ಎದ್ದಿತು. ನಾನು ಹ್ಯಾಂಡಲಿನ ಆಚೆ ಎಡಗೈ ಊರಿ ಬಿದ್ದೆ. ಮೂಳೆ ಮುರಿದ ಸದ್ದು ಕೇಳಿಸಿತು. ಆ ಸದ್ದು ನನಗೆ ಗೊತ್ತು.

ಮೂವರೂ ಓಡಿಬಂದರು. ನನ್ನನ್ನು ನೋಡಿದ್ದವರು ತಮ್ಮ ಟೋಪಿಯನ್ನು ಮಡಿಸಿ ನನ್ನ ತಲೆಯ ಕೆಳಗೆ ಇಟ್ಟರು. ಎಡಿತಮ್ಮ ಮೊಣಕಾಲೂರಿ ನನ್ನ ಕೈಯನ್ನು ತಮ್ಮ ಕುತ್ತಿಗೆಯ ಬಟ್ಟೆಯಿಂದ ಕಟ್ಟುತ್ತಾ, “ಏಕೆ ಇಳಿದೆ? ದಾರಿ ಖಾಲಿಯಿತ್ತಲ್ಲ, ಏಕೆ?” ಎಂದು ಮತ್ತೆಮತ್ತೆ ಕೇಳಿದರು.

“ಅವರು ಕುಳಿತಿದ್ದರು” ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ನನ್ನ ಇಂಗ್ಲಿಷಿನ ದೋಷ ಎಂದುಕೊಂಡಿರಬೇಕು. ಟೋಪಿಯ ಮುದುಕರು, ತಾವು ಕುಳಿತದ್ದರಿಂದ ಏನಾದರೂ ತೊಂದರೆಯಾಯಿತೇ ಎಂದು ಬಹಳ ವಿನಯದಿಂದ ಕ್ಷಮೆ ಕೇಳಿದರು.

ಅಡುಗೆಮನೆ

ಎಡ ಮಣಿಕಟ್ಟಿಗೆ ಪ್ಲಾಸ್ಟರು ಹಾಕಿದರು. ಆರು ವಾರ ಎಂದರು. ಹೆರಿಗೆಗೆ ಎರಡು ವಾರ ಉಳಿದಿತ್ತು.

ಶೈಲಾ ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಅನ್ನ ಸಾರು ಕಲಸಿ, ಮೆತ್ತಗೆ ಮಾಡಿ, ನನ್ನ ಮುಂದೆ ಇಟ್ಟು ಎದುರಿಗೆ ಕುಳಿತಳು. ಅವಳ ಹೊಟ್ಟೆ ಮೇಜಿಗೆ ತಾಗುತ್ತಿತ್ತು. ಬಲಗೈ ನೆಟ್ಟಗೇ ಇದ್ದರೂ ನನಗೆ ತುತ್ತು ಎತ್ತಲು ಮನಸ್ಸಾಗಲಿಲ್ಲ. ಅವಳೇ ಒಂದು ತುತ್ತು ನನ್ನ ಬಾಯಿಗಿಟ್ಟಳು. ಆಮೇಲೆ ಹೇಳಿದಳು:

“ನಾಕನೇ ಕ್ಲಾಸಿನಾಗಿದ್ದಾಗ ನನಗ ಜ್ವರ ಬಂದಿತ್ತು. ಚಿಗಟೇರಿ ಮನ್ಯಾಗ. ನೆನಪೈತೇನು ನಿನಗ?”

“ಯಾವ ಜ್ವರ?”

“ನೋಡು, ನೆನಪಿಲ್ಲ. ಎರಡು ದಿನ ಬಾಜೂ ಮನಿ ಆಯಿ ಗಂಜಿ ಹಾಕಿದ್ಲು. ನೀ ಯಾರದೋ ಹೆರಿಗಿಗೆ ಹೋಗಿದ್ದಿ. ಸೈಕಲ್ ಬೆಲ್ ಕೇಳಿದ್ರ ಎದ್ದು ಕುಂದರ್ತಿದ್ದೆ. ಹಾಲಿನಾಂವನ ಬೆಲ್ ಇರ್ತಿತ್ತು. ಈ ಸಲನರ ಅವ್ವ ನನ್ನ ಹತ್ರ ಇರ್ತಾಳ ಅನಕಂಡಿದ್ದೆ. ಇಲ್ಲೂ ನಿನಗ ಸೈಕಲ್ಲೇ ಮೊದಲಾತು.”

ನನಗಾದ ಅವಮಾನಗಳ ಪಟ್ಟಿಯನ್ನು ನಾನು ಊರು, ವರ್ಷ, ಆಡಿದವರ ಹೆಸರು ಸಮೇತ ಹೇಳಬಲ್ಲೆ. ಆ ಪಟ್ಟಿಯಲ್ಲಿ ಈ ಜ್ವರ ಇರಲಿಲ್ಲ. ಅದು ಇದ್ದದ್ದು ಮಗಳ ಪಟ್ಟಿಯಲ್ಲಿ, ಆ ಪಟ್ಟಿಯನ್ನು ಅವಳು ನನಗೆ ತೋರಿಸದೆ ಇಷ್ಟು ವರ್ಷ ಇಟ್ಟುಕೊಂಡಿದ್ದಳು. ತಪ್ಪಾಯಿತು ಎಂದೆ. ನನ್ನ ಬಾಯಿಂದ ಆ ಮಾತು ಅವಳು ಕೇಳಿದ್ದು ಅದೇ ಮೊದಲು.

ಅವಳು ಇನ್ನೊಂದು ತುತ್ತು ಇಟ್ಟು, “ಬರೋಬ್ಬರಿ ಹೊಂಟಿದ್ದಿ ಅಂತ. ಎಡಿತ್ ಅಳಾಕತ್ತಿದ್ಲು. ಯಾಕಿಳಿದಿ ಅವ್ವಾ?” ಎಂದಳು.

ಆಗ ಹೇಳಿದೆ. ಹರಪನಹಳ್ಳಿ ಸೀಮೆಯಲ್ಲಿ ನನ್ನ ಮೊದಲ ಹಳ್ಳಿ, ಹೆಸರು ಬರೆಯುವುದಿಲ್ಲ. ಊರ ಬಾಗಿಲಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೆ ಯಾವ ಹೊತ್ತಿಗೂ ನಾಲ್ಕೈದು ಗಂಡಸರು. ಮೊದಲ ದಿನವೇ ಒಬ್ಬ ಕೂಗಿ ಹೇಳಿದ: “ಏ ನರ್ಸಮ್ಮಾ, ಹಿರೇರು ಕುಂತಿದ್ದು ಕಾಣಂಗಿಲ್ಲೇನು? ಇಳಿ ಕೆಳಗ!” ದೊಡ್ಡವರ ಮುಂದೆ ಸೈಕಲ್ ಇಳಿಯುವುದು ನಮ್ಮ ಕಡೆ ಗಂಡಸರಿಗೂ ಇರುವ ಮರ್ಯಾದೆಯೇ. ಅದಕ್ಕೆ ನನ್ನ ಆಕ್ಷೇಪಣೆ ಇಲ್ಲ. ಆದರೆ ಗಂಡಸರು ತಾವಾಗಿ ಇಳಿಯುತ್ತಿದ್ದರು, ನನ್ನನ್ನು ಕೂಗಿ ಇಳಿಸುತ್ತಿದ್ದರು. ಮೀಸೆ ಮೂಡದ ಹುಡುಗ ಒಬ್ಬನೇ ಕುಳಿತಿದ್ದರೂ ನಾನು ಇಳಿಯಬೇಕಿತ್ತು. ಒಳಗೆ ಒಬ್ಬ ಹೆಣ್ಣುಮಗಳು ನೋವು ತಿನ್ನುತ್ತಿರುವಾಗ, ಕುದಿಸಿದ ಬ್ಲೇಡು ದಾರ ನನ್ನ ಚೀಲದಲ್ಲಿರುವಾಗ, ನಾನು ಇಳಿದು, ಕಟ್ಟೆ ದಾಟುವವರೆಗೆ ಸೈಕಲ್ ದಬ್ಬಿಕೊಂಡು ನಡೆದು, ಮತ್ತೆ ಹತ್ತುತ್ತಿದ್ದೆ. ಕಟ್ಟೆಯ ಮೇಲೆ ಕುಳಿತವನ ಹೆಂಡತಿಯ ಹೆರಿಗೆಗೆ ಹೋಗುವಾಗಲೂ ಇಳಿದಿದ್ದೇನೆ.

“ದಿನಾ ಇಳೀತಿದ್ದ್ಯಾ?”

“ದಿನಾ. ಮೂರು ಊರು, ಮೂರು ಕಟ್ಟಿ. ಹೋಗುಮುಂದ ಮೂರು ಸಲ, ಬರುಮುಂದ ಮೂರು ಸಲ.”

“ಒಬ್ಬರಿಗೂ ಹೇಳಲಿಲ್ಲ ನೀ.”

“ಮನ್ಯಾಗ ಹೇಳಿದ್ರ ಕೆಲಸ ಬಿಡು ಅಂತಿದ್ರು.”

ಶೈಲಾ ನನ್ನ ಪ್ಲಾಸ್ಟರಿನ ಕೈಯನ್ನು ಎತ್ತಿ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನಿಂದ ಕೂಸು ಒದೆಯಿತು. ಪ್ಲಾಸ್ಟರಿನ ಮೂಲಕವೂ ನನಗೆ ಅದು ತಿಳಿಯಿತು, ಅಥವಾ ತಿಳಿಯಿತೆಂದು ನಾನು ಅಂದುಕೊಂಡೆ.

ಬಚ್ಚಲು

ನಾನು ಬಿದ್ದ ಹದಿಮೂರನೆಯ ದಿನ ಮಧ್ಯಾಹ್ನ ಹೆಣ್ಣುಕೂಸು ಹುಟ್ಟಿತು. ಮಗಳೂ ಕೂಸೂ ಸುಖವಾಗಿ ಮನೆಗೆ ಬಂದರು. ಈಗ ನಾನು ಹೆದರುತ್ತಿದ್ದ ಪ್ರಶ್ನೆ ಎದುರಿಗೆ ಬಂದು ನಿಂತಿತು.

ನಮ್ಮಲ್ಲಿ ಕೂಸಿಗೆ ನೀರೆರೆಯುವುದು ಹೇಗೆಂದು ಓದುಗರಿಗೆ ಗೊತ್ತು. ಮಣೆಯ ಮೇಲೆ ಕುಳಿತು, ಎರಡು ಕಾಲೂ ನೀಡಿ, ಕೂಸನ್ನು ಕಣಕಾಲುಗಳ ಮೇಲೆ ಬೋರಲು ಮಲಗಿಸಿ, ಎಡಗೈಯಿಂದ ತಲೆಯನ್ನು ಹಿಡಿದು, ಬಲಗೈಯಿಂದ ಎರೆಯಬೇಕು. ಎಡಗೈ ಇಲ್ಲದೆ ಆಗದು. ಬಸವರಾಜರಿಗೆ ಕೂಸನ್ನು ಎತ್ತಿಕೊಳ್ಳಲೇ ಭಯ. ಶೈಲಾ ಹಸಿಮೈಯವಳು, ಅವಳನ್ನು ಬಗ್ಗಿಸುವಂತಿರಲಿಲ್ಲ. ಮೇಲಾಗಿ ಅಲ್ಲಿಯ ಬಚ್ಚಲು ಬಚ್ಚಲೇ ಅಲ್ಲ. ನೆಲಕ್ಕೆ ಜಮಖಾನೆ ಹಾಸಿದ್ದರು. ಬಚ್ಚಲಿಗೆ ಜಮಖಾನೆ ಹಾಸುವ ಜನರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನೀರು ಚೆಲ್ಲುವುದೆಲ್ಲಿ?

ಕೂಸು ಹುಟ್ಟಿದ ಐದನೆಯ ದಿನ ಎಡಿತಮ್ಮ ಮಳೆಗೆ ನೆನೆಯದ ಪ್ಯಾಂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಬಿದ್ದ ದಿನದಿಂದ ಅವರು ಸರಿಯಾಗಿ ನನ್ನ ಮುಖ ನೋಡಿರಲಿಲ್ಲ. “ನನ್ನ ಹತ್ತಿರ ಎರಡು ಕೈ ಇವೆ. ಎಲ್ಲಿ ಇಡಬೇಕು ಹೇಳು” ಎಂದರು.

ಉದ್ದನೆಯ ಸ್ನಾನದ ತೊಟ್ಟಿ ಖಾಲಿಯಿತ್ತು. ಅದರೊಳಗೆ ಮಣೆಯಂತೆ ಒಂದು ಮಡಿಸಿದ ಟವೆಲು ಹಾಕಿ ಅವರನ್ನು ಇಳಿಸಿದೆವು. ಅವರು ಕಾಲು ನೀಡಿ ಕುಳಿತರು. ಎಣ್ಣೆ ಹಚ್ಚಿದ ಕೂಸನ್ನು ಶೈಲಾ ಅವರ ಕಾಲ ಮೇಲೆ ಮಲಗಿಸಿದಳು. ನಾನು ತೊಟ್ಟಿಯ ಹೊರಗೆ ಬಿಸಿನೀರಿನ ಬಕೆಟ್ಟಿನ ಪಕ್ಕ ಮೊಣಕಾಲೂರಿ, ಬಲಗೈಯಲ್ಲಿ ತಂಬಿಗೆ ಹಿಡಿದೆ.

“ನೀರು ಬಹಳ ಬಿಸಿ” ಎಂದರು ಎಡಿತಮ್ಮ, ಮೊಣಕೈ ಅದ್ದಿ.

“ಇದು ಬಿಸಿಯಲ್ಲ. ನಿಮ್ಮದು ತಣ್ಣೀರು.”

“ನಾನು ಸಾವಿರ ಕೂಸು ನೋಡಿದ್ದೇನೆ, ಕೋಟ್ರಾ.”

“ನೋಡಿದ್ದೀರಿ. ಎರೆದಿಲ್ಲ.”

“ಏ, ಇಬ್ಬರೂ ಸುಮ್ಕಿರ್ರಿ, ಕೂಸಿಗೆ ಥಂಡಿ ಆಗತೈತಿ!” ಎಂದು ಶೈಲಾ ಕನ್ನಡದಲ್ಲೇ ಗದರಿದಳು. ಎಡಿತಮ್ಮನಿಗೂ ಅರ್ಥವಾಯಿತು. ಅವರು ತೊಟ್ಟಿಯ ನಲ್ಲಿಯಿಂದ ಒಂದು ಚೊಂಬು ತಣ್ಣೀರು ಬೆರೆಸಿದರು. ನಾನು ಅರ್ಧ ಚೊಂಬು ಬಿಸಿನೀರು ಬೆರೆಸಿದೆ. ಅಲ್ಲಿಗೆ ಒಪ್ಪಂದವಾಯಿತು. “ತಲೆ ಸ್ವಲ್ಪ ಎತ್ತಿ, ಗದ್ದದ ಕೆಳಗೆ ಬೆರಳು” ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಅವರ ಬೆರಳು ಅಲ್ಲಿಯೇ ಇತ್ತು. ನಾನು ಎರೆದೆ. ಕೂಸು ಮೊದಲು ಕಿರುಚಿ, ಆಮೇಲೆ ಬೆನ್ನಿಗೆ ಬಿಸಿ ಇಳಿದಂತೆ ಸುಮ್ಮನಾಗಿ, ಎಡಿತಮ್ಮನ ಕಣಕಾಲಿನ ಮೇಲೆ ಕೆನ್ನೆಯಿಟ್ಟು ತೂಕಡಿಸಿತು. ಇಬ್ಬರು ಮುದುಕಿಯರು, ಮೂರು ಕೈ. ಶೈಲಾ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದವಳು ಸೆರಗಿಲ್ಲದ ಆ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು.

ಕೂಸನ್ನು ಎತ್ತಿಕೊಂಡ ಮೇಲೆ ಎಡಿತಮ್ಮನಿಗೆ ತೊಟ್ಟಿಯಿಂದ ಏಳಲಾಗಲಿಲ್ಲ. ಬಸವರಾಜ ಬರುವವರೆಗೆ ಅರ್ಧ ಗಂಟೆ ಅಲ್ಲಿಯೇ ಕುಳಿತು ಚಹಾ ಕುಡಿದರು. ಮಾರನೆಯ ದಿನವೂ ಬಂದರು. ಪ್ಲಾಸ್ಟರು ಬಿಚ್ಚುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಇದನ್ನೂ ನಾನು ಮರೆಯುವುದಿಲ್ಲ.

ಮತ್ತೆ ಓಡುದಾರಿ

ಪ್ಲಾಸ್ಟರು ಬಿಚ್ಚಿದ ಮೇಲೂ ಮೂರು ವಾರ ನಾನು ಶೆಡ್ಡಿನ ಕಡೆ ನೋಡಲಿಲ್ಲ. ಕೂಸಿಗೆ ಎರಡು ಕೈಯಿಂದ ನಾನೇ ಎರೆದೆ. ಮಗಳಿಗೆ ಸಬ್ಬಸಿಗೆ ಹಾಕಿ ಬೇಯಿಸಿದೆ, ಕಾಲು ಒತ್ತಿದೆ, ಅವಳು ಕರೆಯುವ ಮುಂಚೆಯೇ ಅವಳ ಹತ್ತಿರ ಇದ್ದೆ. ಎಡಿತಮ್ಮ ಸೈಕಲ್ಲಿನ ಮಾತೆತ್ತಿದಾಗ, ಅದು ಮುಗಿಯಿತು ಎಂದೆ.

ಊರಿಗೆ ಹೊರಡುವ ವಾರ, ಒಂದು ಮಧ್ಯಾಹ್ನ, ಶೈಲಾ ಕೂಸನ್ನು ತಳ್ಳುಬಂಡಿಯಲ್ಲಿ ಮಲಗಿಸಿ, “ನಡಿ ಅವ್ವಾ, ಗಾಳಿಗೆ ಹೋಗಿ ಬರೂಣು” ಎಂದಳು. ಹೋದ ದಾರಿ ಓಡುದಾರಿಯದು. ಅಲ್ಲಿ ಎಡಿತಮ್ಮ ಎರಡೂ ಸೈಕಲ್ಲು ಹಿಡಿದು ನಿಂತಿದ್ದರು. ಇಬ್ಬರೂ ಸೇರಿ ಮಾಡಿದ ಸಂಚು. ನನ್ನ ಒಪ್ಪಿಗೆ ಕೇಳದೆ ಮಾಡಿದ್ದು.

ನಾನು ಸೀರೆಯಲ್ಲಿದ್ದೆ. ಅದಕ್ಕೂ ವ್ಯವಸ್ಥೆಯಾಗಿತ್ತು. ಶೈಲಾ ತಳ್ಳುಬಂಡಿಯ ಕೆಳಗಿನಿಂದ ಆ ಹಳೆಯ ಪ್ಯಾಂಟನ್ನು ತೆಗೆದು, ಈ ಸಲ ನನ್ನ ಕೈಗೇ ಕೊಟ್ಟಳು. ಹಳೆಯ ಕಾವಲು ಕೋಣೆಯ ಹಿಂದೆ ಬಟ್ಟೆ ಬದಲಾಯಿಸಿ ಬಂದೆ. ಅವಳೇ ಬಗ್ಗಿ ನನ್ನ ಬಲಗಾಲಿನ ಅಂಚನ್ನು ಮಡಿಸಿ ಚೈನಿಗೆ ಸಿಗದಂತೆ ಕ್ಲಿಪ್ಪು ಹಾಕಿದಳು. ಅವಳ ಶಾಲೆಯ ಬೂಟಿನ ದಾರವನ್ನು ನಾನು ಎಷ್ಟು ದಿನ ಕಟ್ಟಿದ್ದೆನೋ ಲೆಕ್ಕ ಹಾಕಲು ಹೋದೆ. ಹೆಚ್ಚು ಸಿಗಲಿಲ್ಲ.

ಹಿಂದಿನ ಗಾಲಿಯನ್ನು ಎತ್ತಿ ಪೆಡಲನ್ನು ಎತ್ತರಕ್ಕೆ ತಂದೆ. ಬ್ರೇಕು ಒತ್ತಿ ನೋಡಿದೆ. ಹೊರಟೆ. ಮಣಿಕಟ್ಟು ಸ್ವಲ್ಪ ನೋಯುತ್ತಿತ್ತು, ಆದರೆ ಕಾಲು ತಿರುಗುವುದನ್ನು ಮರೆತಿರಲಿಲ್ಲ. ತುದಿಯಲ್ಲಿ ದೊಡ್ಡದಾಗಿ ತಿರುಗಿ, ಎದುರು ಗಾಳಿಯನ್ನು ಮನಸ್ಸಿನಲ್ಲೇ ಬೈದುಕೊಂಡು ವಾಪಸು ಬಂದೆ. ಮಗಳು ಕೂಸನ್ನು ಎತ್ತಿ ಎದೆಗೆ ಒರಗಿಸಿಕೊಂಡು ದಾರಿಯ ಅಂಚಿನಲ್ಲಿ ನಿಂತಿದ್ದಳು. ಅವಳನ್ನು ಕಂಡು ನಾನು ಬಹಳ ಮುಂಚೆಯೇ ಕಾಲು ತಡೆದು, ವೇಗ ತಗ್ಗಿಸಿ, ಬ್ರೇಕಿಗೆ ಬೆರಳು ಹಾಕಿದೆ. ನಿಂತು, ಒಂದು ಕಾಲು ಊರಿ, ಆಮೇಲೆ ಇನ್ನೊಂದು, ಕ್ರಮ ಬಾಯಿಪಾಠವಾಗಿತ್ತು.

“ಇಳೀಬ್ಯಾಡ ಅವ್ವಾ” ಎಂದು ಅವಳು ಕೂಗಿದಳು. “ನಾವೇನು ಎಲ್ಲೂ ಹೋಗಂಗಿಲ್ಲ. ಇನ್ನೊಂದು ಸುತ್ತು ಹಾಕ್ಕೊಂಡು ಬಾ.”

ನಾನು ಬ್ರೇಕಿನಿಂದ ಬೆರಳು ತೆಗೆದೆ.